ಬಟ್ಟೆಗೆ ಮನ್ನಣೆ, ಮನುಷ್ಯರಿಗೆ ಕಳಂಕ

ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥೇಶ್ವರನ ಪ್ರತಿಷ್ಠೆ ನಡೆದದ್ದು 1912ರಲ್ಲಿ. ಊರಿನ ದೇವಸ್ಥಾನಗಳ ಒಳಗೆ ಕಾಲಿಡುವ ಹಕ್ಕು ಆಗ ಬಿಲ್ಲವರಿಗೆ ಇರಲಿಲ್ಲ. ಹೊಯ್ಗೆಬಜಾರಿನ ಸಾಹುಕಾರ್ ಕೊರಗಪ್ಪನವರ ಮುಂದಾಳತ್ವದಲ್ಲಿ ಸಮಾಜದ ಹಿರಿಯರು ಕೇರಳದಿಂದ ನಾರಾಯಣ ಗುರುಗಳನ್ನು ಬರಮಾಡಿಕೊಂಡರು. 1908ರಲ್ಲಿ ಬಂದ ಗುರುಗಳು ಕುದ್ರೋಳಿಯ ಜಾಗವನ್ನು ಆರಿಸಿದರು. ನಾಲ್ಕು ವರ್ಷಗಳಲ್ಲಿ ಗುಡಿ ಎದ್ದಿತು. ಬೇರೆಯವರ ಬಾಗಿಲು ತೆರೆಯಲೆಂದು ಕಾಯುತ್ತ ಕೂರದೆ ತಮ್ಮದೇ ಬಾಗಿಲು ಕಟ್ಟಿಕೊಂಡವರ ಊರು ಇದು.

ಗುರುಗಳು ಬಂದ ನಾಡಿನಲ್ಲಿ ಮೇಲು ಕೀಳನ್ನು ಕಾಯುತ್ತಿದ್ದ ಕಾವಲುಗಳಲ್ಲಿ ಬಟ್ಟೆಯೂ ಒಂದು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದರು. 1859ರಲ್ಲಿ ಅರಸರ ಘೋಷಣೆ ಹೊರಬಿತ್ತು. ಅದರಲ್ಲೂ ಮೇಲ್ಜಾತಿಯ ಹೆಂಗಸರ ರೀತಿಯಲ್ಲಿ ಉಡಬಾರದು ಎಂಬ ಷರತ್ತು ಉಳಿದೇ ಇತ್ತು. ಮೈಮೇಲೆ ಯಾವ ಬಟ್ಟೆ ಇರಬೇಕು, ಎಷ್ಟು ಇರಬೇಕು, ಯಾರ ಹಾಗೆ ಉಡಬಾರದು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರೇ ಸಮಾಜದ ಯಜಮಾನರು. ವಿಧವೆಗೆ ಬಣ್ಣದ ಸೀರೆ, ಹೂವು, ಕುಂಕುಮ ಬೇಡ ಎಂದದ್ದೂ ಇದೇ ಯಜಮಾನಿಕೆ. ಅದಕ್ಕೆ ಕುದ್ರೋಳಿ 2013ರಲ್ಲಿ ಒಂದು ಉತ್ತರ ಕೊಟ್ಟಿತು. ಕೇಂದ್ರದ ಮಾಜಿ ಸಚಿವ ಬಿ. ಜನಾರ್ದನ ಪೂಜಾರಿಯವರ ಒತ್ತಾಸೆಯಲ್ಲಿ ಇಬ್ಬರು ವಿಧವೆಯರನ್ನು ದೇವಸ್ಥಾನದ ಅರ್ಚಕಿಯರನ್ನಾಗಿ ನೇಮಿಸಲಾಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲನ್ನು ಮುಚ್ಚಿತು. ತಮ್ಮದೇ ಲಿಂಗದವರನ್ನು ಪ್ರೀತಿಸುವವರು ಈ ದೇಶದಲ್ಲಿ ಮತ್ತೆ ಅಪರಾಧಿಗಳಾದರು. ಅವರಲ್ಲಿ ಒಬ್ಬರು ಈ ಕರಾವಳಿಯವರೇ. ಮಂಗಳೂರಿನಿಂದ ಉತ್ತರಕ್ಕೆ ಕೊಂಕಣದ ದಾರಿ ಹಿಡಿದರೆ ಸಿಗುವ ಗೋವಾದ ಕೊಲ್ವಾಳ ಹಳ್ಳಿಯಲ್ಲಿ ನೆಲೆಸಿದ್ದ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್. ಅವರ ಕಥೆಯ ಜೊತೆಗೆ ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಕಥೆಯನ್ನೂ ಇಟ್ಟು ನೋಡಿದರೆ, ಭಾರತದ ಫ್ಯಾಷನ್ ಲೋಕ ಲೈಂಗಿಕ ಅಲ್ಪಸಂಖ್ಯಾತರಿಂದ ಪಡೆದದ್ದೆಷ್ಟು, ಅವರಿಗೆ ಮರಳಿಸಿದ್ದೆಷ್ಟು ಎಂಬ ಲೆಕ್ಕ ಸಿಗುತ್ತದೆ.

ಸೀರೆಯೇ ಅಪರಾಧವಾದ ಕಾಲ

ಈ ಕಥೆಯ ಮೊದಲ ಅಧ್ಯಾಯ ಬರೆದದ್ದು ವಸಾಹತು ಸರ್ಕಾರದ ಕಾನೂನು. 1860ರಲ್ಲಿ ರೂಪುಗೊಂಡು 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೇರವಾಗಿ ಬಟ್ಟೆಗೇ ಕೈಹಾಕಿತು. ಆ ಕಾಯ್ದೆಯ ಎರಡನೇ ಭಾಗದ ಪ್ರಕಾರ ಹಿಜ್ಡಾ ಸಮುದಾಯದವರು ಸರ್ಕಾರಿ ದಾಖಲೆಯಲ್ಲಿ ಹೆಸರು ಬರೆಸಬೇಕಿತ್ತು. ಹಾಗೆ ಹೆಸರು ದಾಖಲಾದವರು ಹೆಣ್ಣಿನ ಉಡುಗೆ ತೊಟ್ಟು, ಒಡವೆ ಹಾಕಿಕೊಂಡು ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು.

ಆ ಭಾಗ ಜಾರಿಯಲ್ಲಿದ್ದದ್ದು ಉತ್ತರ ಭಾರತದಲ್ಲಿ. ಆದರೆ ಕನ್ನಡ ನಾಡು ಅದರ ನೆರಳಿನಿಂದ ಹೊರಗಿರಲಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನ 1919ರಲ್ಲಿ ಇದೇ ಅಚ್ಚಿನ ಕಾಯ್ದೆಯೊಂದನ್ನು ತಂದಿತು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದ ಜಿಲ್ಲೆಗಳು. ಸೀರೆ ಉಟ್ಟು ಬೀದಿಗಿಳಿಯುವುದೇ ಅಲ್ಲಿ ಶಿಕ್ಷೆಗೆ ಕಾರಣವಾಗಬಹುದಿತ್ತು. ತೆಲಂಗಾಣ ಹೈಕೋರ್ಟ್ ಆ ಕಾಯ್ದೆಯನ್ನು ಅಸಾಂವಿಧಾನಿಕ ಎಂದು ಹೊಡೆದುಹಾಕಿದ್ದು 2023ರಲ್ಲಿ. ಅದೇ ಮನೋಭಾವ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯೊಳಗೆ 36ಎ ಕಲಮಾಗಿ ನುಸುಳಿತು. ಒಂದು ಇಡೀ ಸಮುದಾಯವನ್ನು ಅನುಮಾನದ ಪಟ್ಟಿಗೆ ಸೇರಿಸಲು ಅದು ಪೊಲೀಸರಿಗೆ ದಾರಿ ಮಾಡಿಕೊಟ್ಟಿತು. ಕರ್ನಾಟಕದ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸರ್ಕಾರ ಆ ಕಲಮಿಗೆ ತಿದ್ದುಪಡಿ ತಂದು ಸಮುದಾಯದ ಹೆಸರನ್ನು ತೆಗೆಯಿತು.

ಇದೇ ಕರಾವಳಿಯಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ತಲೆಮಾರುಗಳಿಂದ ಗೌರವವಿದೆ. ಚೌಕಿಯಲ್ಲಿ ಸೀರೆಯುಟ್ಟು, ಮುಡಿ ಕಟ್ಟಿ, ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಬಂದ ಕಲಾವಿದನ ಒನಪು ವೈಯಾರಕ್ಕೆ ಪ್ರೇಕ್ಷಕರು ಬೆಳಗಿನವರೆಗೂ ಮನಸೋತು ಕೂತಿದ್ದಾರೆ. ಸ್ತ್ರೀವೇಷ ಒಂದು ಕಲೆ. ಅದನ್ನು ಮಾಡುವವರ ಖಾಸಗಿ ಬದುಕಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಪ್ರೇಕ್ಷಕರಾದ ನಮ್ಮ ಬಗ್ಗೆ ಅದು ಒಂದು ಸತ್ಯವನ್ನು ಹೇಳುತ್ತದೆ. ಗಂಡಿನ ಮೈಮೇಲೆ ಸೀರೆಯನ್ನು ನೋಡಿ ಆನಂದಿಸುವ ಮನಸ್ಸು ನಮಗೆ ಮೊದಲಿಂದಲೂ ಇತ್ತು. ನಮಗೆ ಒಗ್ಗದೇ ಹೋದದ್ದು ಬೆಳಗಾದ ಮೇಲೂ ಆ ಸೀರೆಯನ್ನು ಬಿಚ್ಚದೆ, ಅದೇ ತನ್ನ ಉಡುಗೆ ಎಂದು ಬೀದಿಯಲ್ಲಿ ನಡೆದು ಬರುವ ಮನುಷ್ಯ.

ಪ್ಯಾರಿಸ್‌ನಿಂದ ನ್ಯೂಯಾರ್ಕ್‌ವರೆಗೆ

ಇಪ್ಪತ್ತನೇ ಶತಮಾನದ ಫ್ಯಾಷನ್ ಚರಿತ್ರೆಯಿಂದ ಸಲಿಂಗಾನುರಾಗಿ ವಿನ್ಯಾಸಕರ ಹೆಸರುಗಳನ್ನು ತೆಗೆದುಬಿಟ್ಟರೆ ಬಹುಪಾಲು ಪುಟಗಳು ಖಾಲಿಯಾಗುತ್ತವೆ. 1947ರ ಫೆಬ್ರವರಿಯಲ್ಲಿ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ತಮ್ಮ ಮೊದಲ ಸಂಗ್ರಹವನ್ನು ತೋರಿಸಿದರು. ಯುದ್ಧಕಾಲದ ಪಡಿತರದ ಬಟ್ಟೆಯಲ್ಲಿ ಬಡಕಲಾಗಿದ್ದ ಯುರೋಪಿನ ಹೆಣ್ಣುಡುಗೆಗೆ ಅವರು ಮತ್ತೆ ನೆರಿಗೆಗಳ ಸಮೃದ್ಧಿಯನ್ನು ಕೊಟ್ಟರು. ಅವರ ಬಳಿ ಕೆಲಸ ಕಲಿತ ಈವ್ ಸ್ಯಾಂ ಲೊರಾಂ 1966ರಲ್ಲಿ ಗಂಡಸರ ಔತಣಕೂಟದ ಕರಿ ಸೂಟನ್ನು ಹೆಣ್ಣಿನ ಅಳತೆಗೆ ಕತ್ತರಿಸಿದರು. ಪ್ಯಾಂಟು ಹಾಕಿದ ಹೆಂಗಸನ್ನು ಒಳಗೆ ಬಿಡದ ಹೋಟೆಲುಗಳಿದ್ದ ಕಾಲ ಅದು. ಇಂದು ಬೆಂಗಳೂರಿನ ಕಚೇರಿಗೆ ಪ್ಯಾಂಟು ಕೋಟು ತೊಟ್ಟು ಹೋಗುವ ಹೆಣ್ಣುಮಗಳ ಉಡುಗೆಯ ಹಿಂದೆ ಆ ಕತ್ತರಿಯ ಋಣವೂ ಇದೆ. ಸ್ಯಾಂ ಲೊರಾಂ ಅವರ ಸಂಸ್ಥೆಯನ್ನು ಕಟ್ಟಿ ನಡೆಸಿದ ಪಿಯೇರ್ ಬೆರ್ಜೆ ಅವರ ಬಾಳಸಂಗಾತಿಯೂ ಆಗಿದ್ದರು.

ಅಮೆರಿಕದ ರೂಡಿ ಗೆರ್ನ್‌ರೈಕ್ ಅವರದು ಇನ್ನೊಂದು ಬಗೆಯ ಧೈರ್ಯ. ನಾಜಿಗಳ ಹಿಡಿತದಿಂದ ಪಾರಾಗಿ ವಿಯೆನ್ನಾದಿಂದ ಬಂದ ಯಹೂದಿ ಹುಡುಗ ಅವರು. ಅಮೆರಿಕದ ಮೊದಮೊದಲ ಸಲಿಂಗಿ ಹಕ್ಕುಗಳ ಸಂಘಟನೆಯಾದ ಮ್ಯಾಟಶೀನ್ ಸೊಸೈಟಿಯನ್ನು 1950ರಲ್ಲಿ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಗಂಡು ಹೆಣ್ಣು ಇಬ್ಬರೂ ತೊಡಬಹುದಾದ ಒಂದೇ ಉಡುಗೆಯ ಕಲ್ಪನೆಯನ್ನು 1970ರಲ್ಲಿ ಜನರ ಮುಂದಿಟ್ಟವರೂ ಅವರೇ. ಸಂಘಟನೆಯಲ್ಲಿ ಆಡಲಾಗದ ಮಾತನ್ನು ಅವರು ಬಟ್ಟೆಯಲ್ಲಿ ಆಡಿದರು.

ಎಂಬತ್ತರ ದಶಕದಲ್ಲಿ ಏಡ್ಸ್ ಬಂತು. ವಿನ್ಯಾಸಕರಲ್ಲಿ 1986ರಲ್ಲಿ ಪೆರಿ ಎಲ್ಲಿಸ್, 1987ರಲ್ಲಿ ವಿಲ್ಲಿ ಸ್ಮಿತ್, 1990ರಲ್ಲಿ ಹಾಲ್‌ಸ್ಟನ್ ತೀರಿಕೊಂಡರು. ಹೆಸರಿಲ್ಲದೆ ಹೋದ ದರ್ಜಿಗಳು, ಕೇಶ ವಿನ್ಯಾಸಕರು, ಛಾಯಾಗ್ರಾಹಕರು ಇನ್ನೆಷ್ಟೋ. ಕಾಯಿಲೆಯ ಹೆಸರು ಹೇಳಲು ಅಂಜಿ ಮುಚ್ಚಿಟ್ಟ ಸಾವುಗಳು ಅವುಗಳಲ್ಲಿದ್ದವು.

ಈ ಚರಿತ್ರೆಯನ್ನು ಒಂದು ಸಂಸ್ಥೆ ಎದೆ ಎತ್ತಿ ಹೇಳಿದ್ದು 2013ರಲ್ಲಿ. ನ್ಯೂಯಾರ್ಕ್‌ನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಸ್ತುಸಂಗ್ರಹಾಲಯದಲ್ಲಿ ವ್ಯಾಲೆರಿ ಸ್ಟೀಲ್ ಮತ್ತು ಫ್ರೆಡ್ ಡೆನಿಸ್ ಅವರು ಲೈಂಗಿಕ ಅಲ್ಪಸಂಖ್ಯಾತರ ಫ್ಯಾಷನ್ ಚರಿತ್ರೆಯ ಪ್ರದರ್ಶನ ಏರ್ಪಡಿಸಿದರು. ಮುನ್ನೂರು ವರ್ಷಗಳ ಕಥೆ ಹೇಳುವ ಸುಮಾರು ನೂರು ಉಡುಗೆಗಳು ಅಲ್ಲಿದ್ದವು. ಆ ಪ್ರದರ್ಶನ ನಡೆಯುತ್ತಿದ್ದಾಗಲೇ ನಮ್ಮ ಸುಪ್ರೀಂ ಕೋರ್ಟಿನ ತೀರ್ಪು ಬಂತು.

ಸಲಿಂಗಿಗಳಿಗೆ ಬಟ್ಟೆಯ ಕಲೆ ಹುಟ್ಟಿನಿಂದಲೇ ಬರುತ್ತದೆ ಎಂಬ ಮಾತು ಕೇಳಲು ಹೊಗಳಿಕೆಯಂತಿದ್ದರೂ ಅದು ನಿಜವಲ್ಲ. ಫ್ಯಾಷನ್ ಚರಿತ್ರೆಯನ್ನು ತಿರುಗಿಸಿದವರಲ್ಲಿ ಕೊಕೊ ಶನೆಲ್ ಇದ್ದಾರೆ, ನಮ್ಮಲ್ಲಿ ರಿತು ಕುಮಾರ್ ಇದ್ದಾರೆ. ನಿಜವಾದ ಕಾರಣಗಳನ್ನು ಸಮಾಜದಲ್ಲಿ ಹುಡುಕಬೇಕು. ಸೈನ್ಯ, ಕಚೇರಿ, ಶಾಲೆಗಳ ಬಾಗಿಲು ಮುಚ್ಚಿದಾಗ ಹೊಲಿಗೆಮನೆ, ರಂಗಭೂಮಿ, ಸೌಂದರ್ಯಶಾಲೆಗಳ ಬಾಗಿಲು ಅರೆಬರೆಯಾದರೂ ತೆರೆದಿತ್ತು. ಇನ್ನೊಂದು ಕಾರಣ ಬದುಕಿನ ಅನುಭವ. ತನ್ನ ನಡಿಗೆ, ದನಿ, ಅಂಗಿಯ ಬಣ್ಣ ಎಲ್ಲವನ್ನೂ ಜನ ಅಳೆಯುತ್ತಾರೆ ಎಂಬ ಅರಿವಿನಲ್ಲಿ ಬೆಳೆದ ಮಗುವಿಗೆ ಬಟ್ಟೆ ಏನೆಲ್ಲ ಹೇಳಬಲ್ಲದು, ಏನೆಲ್ಲ ಮುಚ್ಚಬಲ್ಲದು ಎಂಬುದು ಬೇಗ ತಿಳಿಯುತ್ತದೆ. ಆ ಮಗು ನೋವಿನಲ್ಲಿ ಕಲಿತ ಪಾಠವೇ ಮುಂದೆ ಅದರ ಕಸುಬಾಯಿತು.

ಕೊಲ್ವಾಳದ ವೆಂಡೆಲ್

ವೆಂಡೆಲ್ ರಾಡ್ರಿಕ್ಸ್ ಹುಟ್ಟಿದ್ದು 1960ರ ಮೇ 28ರಂದು ಮುಂಬಯಿಯಲ್ಲಿ, ಗೋವಾ ಮೂಲದ ಕುಟುಂಬದಲ್ಲಿ. ಓದಿದ್ದು ಮಾಹಿಮ್‌ನ ಶಾಲೆಯಲ್ಲಿ. ಕಲಿತ ಮೊದಲ ವಿದ್ಯೆ ಅಡುಗೆ ಮತ್ತು ಅತಿಥಿಸತ್ಕಾರದ್ದು. ಕರಾವಳಿಯ ಸಾವಿರಾರು ಯುವಕರಂತೆ ಅವರೂ ಗಲ್ಫ್ ದಾರಿ ಹಿಡಿದರು. ಒಮಾನ್‌ನ ಮಸ್ಕತ್‌ನಲ್ಲಿ ಪೊಲೀಸ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಕೆಲಸ ಮಾಡಿದರು. ಅಲ್ಲೇ 1983ರಲ್ಲಿ ಫ್ರಾನ್ಸಿನ ಜೆರೋಮ್ ಮರೆಲ್ ಅವರ ಪರಿಚಯವಾಯಿತು. ಆ ನಂಟು ವೆಂಡೆಲ್ ಅವರ ಕೊನೆಯವರೆಗೂ ಉಳಿಯಿತು.

ಒಮಾನ್‌ನಲ್ಲಿ ಉಳಿಸಿದ ದುಡ್ಡಿನಲ್ಲಿ ಅವರು ವಸ್ತ್ರವಿನ್ಯಾಸ ಓದಲು ಲಾಸ್ ಏಂಜಲೀಸ್‌ಗೂ ಪ್ಯಾರಿಸ್‌ಗೂ ಹೋದರು. ನಿಮ್ಮ ಬಟ್ಟೆಯಲ್ಲಿ ನಿಮ್ಮ ದೇಶ ಕಾಣಬೇಕು ಎಂಬ ಸಲಹೆ ಪ್ಯಾರಿಸ್‌ನಲ್ಲಿ ಸಿಕ್ಕಿತು. ಅದನ್ನು ಅವರು ಜೀವನದ ದಿಕ್ಕಾಗಿ ಹಿಡಿದರು. ಭಾರತಕ್ಕೆ ಮರಳಿ ಗಾರ್ಡನ್ ವರೇಲಿಗೆ ವಿನ್ಯಾಸ ಮಾಡಿದರು. ಕರ್ನಾಟಕದ ಮಧ್ಯಮ ವರ್ಗದ ಹೆಂಗಸರು ಎಂಬತ್ತರ ದಶಕದಲ್ಲಿ ಆಸೆಯಿಂದ ಕೊಳ್ಳುತ್ತಿದ್ದ ಹೂವಿನ ಅಚ್ಚಿನ ಹಗುರ ಸೀರೆಗಳ ಕಂಪನಿ ಅದು. 1989ರ ಹೊತ್ತಿಗೆ ತಮ್ಮದೇ ಹೆಸರಿನ ಉಡುಗೆಗಳ ಮೊದಲ ಪ್ರದರ್ಶನ ನಡೆಸಿದರು.

ಅಂದಿನ ಭಾರತದಲ್ಲಿ ಡಿಸೈನರ್ ಉಡುಗೆ ಎಂದರೆ ಮದುವೆಯ ಜರಿ, ಜರ್ದೋಸಿ ಕಸೂತಿ, ಹೊರಲಾರದ ಭಾರ. ವೆಂಡೆಲ್ ಅದಕ್ಕೆ ಎದುರಾಗಿ ನಡೆದರು. ಕಡಲ ಗಾಳಿಗೆ ಹಾರುವ ತೆಳು ಹತ್ತಿ, ಬಿಳಿ ಬಣ್ಣ, ಸರಳ ಕತ್ತರಿಕೆ. ಸೆಕೆಯ ನಾಡಿನಲ್ಲಿ ಬದುಕುವವರ ಮೈ ಏನು ಕೇಳುತ್ತದೆಯೋ ಅದನ್ನೇ ಅವರು ಫ್ಯಾಷನ್ ಆಗಿಸಿದರು. 1993ರಲ್ಲಿ ಮುಂಬಯಿ ಬಿಟ್ಟು ಗೋವಾದ ಕೊಲ್ವಾಳಕ್ಕೆ ಬಂದು ಶತಮಾನಗಳಷ್ಟು ಹಳೆಯ ಮನೆಯೊಂದರಲ್ಲಿ ನೆಲೆಸಿದರು. ಹಳ್ಳಿಯಲ್ಲಿ ಕೂತು ಫ್ಯಾಷನ್ ಮಾಡಲಾಗದು ಎಂದವರಿಗೆ ಕೆಲಸದಿಂದಲೇ ಉತ್ತರ ಕೊಟ್ಟರು. 1995ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ದೊಡ್ಡ ಉಡುಪು ಮೇಳಕ್ಕೆ ಆಹ್ವಾನ ಬಂತು. 2000ದಲ್ಲಿ ಭಾರತಕ್ಕೆ ತನ್ನದೇ ಫ್ಯಾಷನ್ ವೀಕ್ ಬಂದಾಗ ಅದನ್ನು ಕಟ್ಟಿದವರ ಸಾಲಿನಲ್ಲಿ ಅವರಿದ್ದರು.

ಕರ್ನಾಟಕದ ಇಬ್ಬರು ಹೆಣ್ಣುಮಕ್ಕಳ ಬದುಕಿನಲ್ಲೂ ಅವರ ಕಣ್ಣು ಕೆಲಸ ಮಾಡಿತು. ಕುಂದಾಪುರ ಕಡೆಯ ಪಡುಕೋಣೆ ಮನೆತನದ ದೀಪಿಕಾ, ಇಂದ್ರಜಿತ್ ಲಂಕೇಶ್ ನಿರ್ದೇಶನದ 2006ರ ಕನ್ನಡ ಚಿತ್ರ ‘ಐಶ್ವರ್ಯಾ’ದಲ್ಲಿ ಮೊದಲು ನಟಿಸಿದವರು. ರೂಪದರ್ಶಿಯಾಗಿದ್ದ ಅವರ ಹೆಸರನ್ನು ಮಲೈಕಾ ಅರೋರಾ ಮೂಲಕ ನಿರ್ದೇಶಕಿ ಫರಾ ಖಾನ್‌ಗೆ ತಲುಪಿಸಿದವರು ವೆಂಡೆಲ್. 2007ರಲ್ಲಿ ‘ಓಂ ಶಾಂತಿ ಓಂ’ ತೆರೆಕಂಡಿತು. ಅದೇ ವರ್ಷ ಬೆಂಗಳೂರಿನಲ್ಲಿ ಬೆಳೆದ ಅನುಷ್ಕಾ ಶರ್ಮಾ ಲ್ಯಾಕ್ಮೆ ಫ್ಯಾಷನ್ ವೀಕ್‌ನಲ್ಲಿ ಮೊದಲ ಬಾರಿ ಹೆಜ್ಜೆ ಇಟ್ಟದ್ದು ವೆಂಡೆಲ್ ಅವರ ಉಡುಗೆಯಲ್ಲಿ.

ಇಷ್ಟೆಲ್ಲದರ ನಡುವೆ ತಾವು ಯಾರು ಎಂಬುದನ್ನು ಅವರು ಬಚ್ಚಿಡಲಿಲ್ಲ. 2002ರಲ್ಲಿ ಗೋವಾದಲ್ಲಿ ಅವರೂ ಜೆರೋಮ್ ಅವರೂ ಫ್ರಾನ್ಸಿನ ಕಾನೂನಿನಡಿ ಸಹಬಾಳ್ವೆಯ ಒಪ್ಪಂದಕ್ಕೆ ಸಹಿ ಹಾಕಿದರು. 377ನೇ ಕಲಮು ಪೂರ್ತಿ ಜೀವಂತವಾಗಿದ್ದ ದಿನಗಳವು. ಭಾರತದ ಕಾನೂನು ಅವರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದಾಗ ಅವರು ಅದನ್ನು ಹಳ್ಳಿಯ ನೆರೆಹೊರೆಯವರ ಎದುರಿಗೇ ಬಾಳಿದರು. ಈ ಬಹಿರಂಗ ಬಾಳುವೆ, ಅವರು ಹೊಲಿದ ಯಾವ ಉಡುಗೆಗೂ ಕಡಿಮೆಯಿಲ್ಲದ ಕೊಡುಗೆ. ಅವರ ಹಿಂದೆ ಬಂದ ಎಳೆಯ ವಿನ್ಯಾಸಕರಿಗೆ, ಹೆಸರು ಮುಚ್ಚಿಕೊಳ್ಳದೆಯೂ ಈ ದೇಶದಲ್ಲಿ ದುಡಿಯಬಹುದು ಎಂಬ ನಂಬಿಕೆ ಬಂದದ್ದು ಇಂಥವರನ್ನು ನೋಡಿ.

ಕುಣಬಿ ಸೀರೆ ಮತ್ತು ನಮ್ಮ ಕರಾವಳಿ

ವೆಂಡೆಲ್ ಅವರ ಕೆಲಸದಲ್ಲಿ ಮಂಗಳೂರಿನವರಿಗೆ ತೀರಾ ಹತ್ತಿರದ್ದು ಕುಣಬಿ ಸೀರೆಯ ಪುನರುಜ್ಜೀವನ. ಗೋವಾದ ಗಾವಡೆ, ಕುಣಬಿ ಸಮುದಾಯದ ಹೆಂಗಸರು ಗದ್ದೆಯಲ್ಲಿ ದುಡಿಯುವಾಗ ಉಡುತ್ತಿದ್ದ ಕೆಂಪು ಚೌಕುಳಿಯ ದಪ್ಪ ಹತ್ತಿ ಸೀರೆ ಅದು. ಕೆಸರಿಗೆ ತಾಗದಂತೆ ಗಿಡ್ಡ ಉಡುವುದು, ಕೈಗಳು ಬಿಡುವಾಗಿರಲೆಂದು ಹೆಗಲ ಮೇಲೆ ಗಂಟು ಹಾಕುವುದು ಅದರ ರೀತಿ. ಗಿರಣಿಯ ಅಗ್ಗದ ಬಟ್ಟೆ ಬಂದಂತೆ ಆ ನೇಯ್ಗೆ ಗೋವಾದಲ್ಲಿ ನಿಂತೇಹೋಗಿತ್ತು. ವೆಂಡೆಲ್ ಹಳೆಯ ಸೀರೆಗಳನ್ನು ಹುಡುಕಿ ತೆಗೆದರು. ಚೌಕುಳಿ ಮತ್ತು ಅಂಚನ್ನು ಉಳಿಸಿಕೊಂಡು, ಈಗಿನವರು ಉಡುವಂತೆ ಅಳತೆ, ತೂಕ, ಬಣ್ಣಗಳನ್ನು ಬದಲಾಯಿಸಿ ಕೈಮಗ್ಗದಲ್ಲಿ ನೇಯಿಸಿದರು. ಗದ್ದೆಯ ಸೀರೆ ಫ್ಯಾಷನ್ ವೀಕ್‌ನ ವೇದಿಕೆ ಏರಿತು.

ಆ ಸೀರೆಯ ನೆಂಟರು ನಮ್ಮಲ್ಲಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ತೆಂಕಣಕ್ಕೆ ಬಂದ ಕುಡುಬಿ ಸಮುದಾಯ ಇಂದಿಗೂ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕೊಂಕಣಿ ಮಾತಾಡುತ್ತ, ಹೋಳಿ ಕುಣಿಯುತ್ತ ಬಾಳುತ್ತಿದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರು ರವಿಕೆಯಿಲ್ಲದೆ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕುವ ಸೊಗಸು ಇಡೀ ನಾಡಿಗೆ ಪರಿಚಿತ. ಗೋವಾದಿಂದಲೇ ಬಂದ ಮಂಗಳೂರಿನ ಕ್ರೈಸ್ತರಲ್ಲಿ ಮದುಮಗಳ ಸಾಡೊ ಮತ್ತು ಹಿರಿಯ ಹೆಂಗಸರ ಕಿರ್ಗಿ ಬಾಜು ಮನೆತನದ ನೆನಪಾಗಿ ಉಳಿದಿವೆ. ಮಂಗಳೂರಿಗೆ ನೇಯ್ಗೆಯ ಚರಿತ್ರೆಯೂ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ ಇಲ್ಲಿ ನೇಯ್ಗೆ ಕಾರ್ಖಾನೆ ನಡೆಸಿತು. 1851ರಲ್ಲಿ ಬಂದ ಜಾನ್ ಹಾಲರ್ ಸುಧಾರಿತ ಕೈಮಗ್ಗ ತಂದರು, ಖಾಕಿ ಬಣ್ಣದ ಬಟ್ಟೆ ತಯಾರಿಸಿದರು ಎಂಬುದು ಮಿಶನ್ನಿನ ಚರಿತ್ರೆಯ ಹೆಮ್ಮೆಯ ಮಾತು.

ಜನಸಾಮಾನ್ಯರ ಬಟ್ಟೆಗೆ ಚರಿತ್ರೆ ಉಂಟು ಎಂದು ವೆಂಡೆಲ್ ನಂಬಿದ್ದರು. ಲಿಸ್ಬನ್‌ನ ವೇಷಭೂಷಣ ಸಂಗ್ರಹಾಲಯದಲ್ಲಿ ಕೂತು ಅಭ್ಯಾಸ ಮಾಡಿದರು. ಚರ್ಚುಗಳ, ಮನೆಗಳ, ಪೆಟ್ಟಿಗೆಗಳ ಒಳಗಿದ್ದ ಉಡುಗೆಗಳನ್ನು ಅರಸಿದರು. 2012ರಲ್ಲಿ ಗೋವಾದ ಉಡುಗೆಗಳ ಚರಿತ್ರೆಯನ್ನು ‘ಮೋಡಾ ಗೋವಾ’ ಎಂಬ ದೊಡ್ಡ ಪುಸ್ತಕವಾಗಿ ಹೊರತಂದರು. ತಮ್ಮ ಆತ್ಮಕಥೆಯನ್ನೂ ಅದೇ ವರ್ಷ ಪ್ರಕಟಿಸಿದರು. 2016ರಲ್ಲಿ ತಮ್ಮ ಹೆಸರಿನ ಸಂಸ್ಥೆಯ ಹೊಣೆಯನ್ನು ಶಿಷ್ಯೆ ಶುಲೆನ್ ಫರ್ನಾಂಡಿಸ್‌ಗೆ ಒಪ್ಪಿಸಿ, ಕೊಲ್ವಾಳದ ಮನೆಯನ್ನೇ ವಸ್ತ್ರ ಸಂಗ್ರಹಾಲಯವಾಗಿ ಮಾರ್ಪಡಿಸುವ ಕೆಲಸಕ್ಕೆ ಇಳಿದರು.

ಇಂಥ ಕೆಲಸಕ್ಕೆ ನಮ್ಮಲ್ಲೂ ಉದಾಹರಣೆ ಇದೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿ ಸೀರೆಯ ನೇಕಾರರು ಒಬ್ಬೊಬ್ಬರಾಗಿ ಮಗ್ಗ ಬಿಡುತ್ತಿದ್ದಾಗ, ಕದಿಕೆ ಟ್ರಸ್ಟ್ 2018ರಿಂದ ಕಿನ್ನಿಗೋಳಿ ಬಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದ ಜೊತೆ ನಿಂತು ಹಿರಿಯ ನೇಕಾರರನ್ನು ಮತ್ತೆ ಮಗ್ಗಕ್ಕೆ ಕರೆತಂದಿತು. ಆ ಕೆಲಸದ ಪ್ರೇರಣೆ ಬೇರೆ. ಆದರೂ ಹಳ್ಳಿಯ ಸೀರೆಯನ್ನು ಉಳಿಸಲು ನೇಕಾರರ ಕೂಲಿಯನ್ನೂ ಕೊಳ್ಳುವವರ ಅಭಿಮಾನವನ್ನೂ ಒಟ್ಟಿಗೆ ಏರಿಸಬೇಕೆಂಬ ಪಾಠ ಎರಡೂ ಕಡೆ ಒಂದೇ.

2013ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ

ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು 377ನೇ ಕಲಮಿನ ಹಿಡಿತದಿಂದ ಬಿಡಿಸಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. ಮುಂದಿನ ತಿಂಗಳು, 2014ರ ಗಣರಾಜ್ಯೋತ್ಸವದ ಮುನ್ನಾದಿನ, ಭಾರತ ಸರ್ಕಾರ ಪದ್ಮ ಪ್ರಶಸ್ತಿಗಳನ್ನು ಪ್ರಕಟಿಸಿತು. ಪದ್ಮಶ್ರೀ ಪಡೆದವರ ಪಟ್ಟಿಯಲ್ಲಿ ವೆಂಡೆಲ್ ರಾಡ್ರಿಕ್ಸ್ ಹೆಸರಿತ್ತು.

ಈ ಎರಡು ದಿನಾಂಕಗಳ ನಡುವೆ ಇರುವುದು ಸುಮಾರು ಆರು ವಾರ. ಮೊದಲ ದಿನ ಈ ದೇಶದ ಕಾನೂನು ಅವರ ಪ್ರೀತಿಯನ್ನು ಅಪರಾಧ ಎಂದಿತು. ಆರು ವಾರಗಳ ಬಳಿಕ ಅದೇ ದೇಶ ಅವರ ಕೈಕೆಲಸಕ್ಕೆ ಪದಕ ತೊಡಿಸಲು ಮುಂದಾಯಿತು. ಇದನ್ನು ಕೇವಲ ಕಾಕತಾಳೀಯ ಎಂದು ತಳ್ಳಿಹಾಕಲು ನನ್ನಿಂದ ಆಗದು. ನಮ್ಮ ಸಮಾಜ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಲಾಗಾಯ್ತಿನಿಂದ ನಡೆದುಕೊಂಡ ರೀತಿಯೇ ಅಲ್ಲಿ ಸರ್ಕಾರಿ ಮೊಹರಿನೊಂದಿಗೆ ಎದ್ದು ಕಾಣುತ್ತದೆ. ಅವರು ಹೊಲಿದ ಬಟ್ಟೆ ಬೇಕು, ಅವರ ಹಾಡು, ಆಶೀರ್ವಾದ ಬೇಕು, ಅವರು ಮಾತ್ರ ಬೇಡ.

ಅದೇ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ನಾಲ್ಸಾ ಪ್ರಕರಣ ಎಂದು ಹೆಸರಾದ ಟ್ರಾನ್ಸ್‌ಜೆಂಡರ್ ಹಕ್ಕುಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸಾರಿತು. ಉಡುಪು, ಮಾತು, ನಡವಳಿಕೆಗಳ ಮೂಲಕ ಆ ಲಿಂಗತ್ವವನ್ನು ತೋರ್ಪಡಿಸುವುದು ಸಂವಿಧಾನದ 19ನೇ ವಿಧಿ ಕಾಪಾಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಒಪ್ಪಿತು. 1871ರ ಕಾಯ್ದೆ ಯಾವ ಸೀರೆಯನ್ನು ಅಪರಾಧ ಎಂದಿತ್ತೋ ಅದೇ ಸೀರೆ 2014ರಲ್ಲಿ ಮೂಲಭೂತ ಹಕ್ಕಾಯಿತು. ಭಾರತದ ಉಡುಪಿನ ಚರಿತ್ರೆಯನ್ನು ಯಾರೇ ಬರೆಯಲಿ, ಈ ತೀರ್ಪಿಗೆ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು.

377ನೇ ಕಲಮಿನ ಕಟ್ಟು ಕೊನೆಗೂ ಕಳಚಿದ್ದು 2018ರ ಸೆಪ್ಟೆಂಬರ್ 6ರಂದು, ಐವರು ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಿಂದ. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರ ನವ್‌ತೇಜ್ ಸಿಂಗ್ ಜೋಹರ್ ಒಬ್ಬ ನೃತ್ಯ ಕಲಾವಿದ. ವೆಂಡೆಲ್ ಆ ದಿನವನ್ನು ನೋಡಿದರು. 2020ರ ಫೆಬ್ರವರಿ 12ರಂದು ಕೊಲ್ವಾಳದಲ್ಲಿ, ಐವತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ಸೆರಗು ಬೀಸಿದ ಮಂಜಮ್ಮ

ವೆಂಡೆಲ್ ಅವರಿಗೆ ಇಂಗ್ಲಿಷ್ ಇತ್ತು, ಗಲ್ಫಿನ ಸಂಬಳ ಇತ್ತು, ಪ್ಯಾರಿಸ್ ಇತ್ತು. ಇವು ಯಾವುವೂ ಇಲ್ಲದವರ ಕಥೆಯನ್ನು ಬಿಟ್ಟರೆ ಈ ಚರಿತ್ರೆ ಅರ್ಧವಾಗುತ್ತದೆ.

ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮ ದೇವಿಯರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಡುವ ಜೋಗಪ್ಪ, ಜೋಗತಿಯರ ಪರಂಪರೆ ಉತ್ತರ ಕರ್ನಾಟಕದಲ್ಲಿ ಬಲು ಹಳೆಯದು. ಸೀರೆ, ಬಳೆ, ಮುತ್ತು, ಭಂಡಾರ ಅವರಿಗೆ ದೇವಿ ಕೊಟ್ಟ ಉಡುಗೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಹದಿಹರೆಯದಲ್ಲೇ ಆ ದಾರಿಗೆ ಬಂದರು. ಮನೆ ಬಿಟ್ಟರು, ಭಿಕ್ಷೆ ಬೇಡಿದರು, ದಾವಣಗೆರೆಯಲ್ಲಿ ಇಡ್ಲಿ ಮಾರಿದರು. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತು, ತಲೆಯ ಮೇಲೆ ಕೊಡ ಹೊತ್ತು ಊರೂರು ಸುತ್ತಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕನ್ನಡದಲ್ಲಿದೆ. ಅದನ್ನು ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ.

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದ ಮಂಜಮ್ಮ, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತು ತಮ್ಮ ಸೆರಗಿನಿಂದಲೇ ಅವರಿಗೆ ದೃಷ್ಟಿ ತೆಗೆದರು. ದೇಶವೆಲ್ಲ ಅದನ್ನು ನೋಡಿತು. ಕಾನೂನು ಒಂದು ಕಾಲದಲ್ಲಿ ಜೈಲಿಗೆ ಕಾರಣ ಎಂದಿದ್ದ ಸೆರಗು ಆ ದಿನ ರಾಷ್ಟ್ರದ ಮೊದಲ ಪ್ರಜೆಯನ್ನು ಹರಸಿತು.

ಅದೇ 2021ರ ಜನವರಿಯಲ್ಲಿ ಮುಂಬಯಿಯ ವಿನ್ಯಾಸಕಿ ಸೈಷಾ ಶಿಂದೆ ತಾನು ಟ್ರಾನ್ಸ್‌ಜೆಂಡರ್ ಮಹಿಳೆ ಎಂದು ಜಗತ್ತಿಗೆ ತಿಳಿಸಿದ್ದರು. ಡಿಸೆಂಬರ್‌ನಲ್ಲಿ ಇಸ್ರೇಲಿನಲ್ಲಿ ಹರ್ನಾಜ್ ಸಂಧು ವಿಶ್ವಸುಂದರಿ ಕಿರೀಟ ತೊಟ್ಟಾಗ ಅವರ ಮೈಮೇಲಿದ್ದ ಬೆಳ್ಳಿ ಬಣ್ಣದ ಉಡುಗೆ ಸೈಷಾ ಅವರ ವಿನ್ಯಾಸ. ಮುಂದಿನ ಸ್ಪರ್ಧೆಗೆ ಭಾರತದ ಪ್ರತಿನಿಧಿಯಾಗಿ ಹೋದವರು ಮಂಗಳೂರಿನಲ್ಲಿ ಹುಟ್ಟಿದ ದಿವಿತಾ ರೈ. 2021ರಲ್ಲೇ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಬಾಕಿ ಇರುವ ಕೆಲಸ

ಇಷ್ಟಾದರೂ ಚರಿತ್ರೆ ಮುಗಿದಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದನ್ನು ಸಂಸತ್ತಿಗೆ ಬಿಟ್ಟಿತು. ವೆಂಡೆಲ್ ಮತ್ತು ಜೆರೋಮ್ 2002ರಲ್ಲಿ ಪರದೇಶದ ಕಾನೂನಿನಿಂದ ಪಡೆದದ್ದನ್ನು ಇಂದಿಗೂ ಇಬ್ಬರು ಭಾರತೀಯರು ತಮ್ಮ ದೇಶದ ಕಾನೂನಿನಿಂದ ಪಡೆಯಲಾರರು. ಮದುವೆಯ ಸೀರೆ, ಶೇರ್ವಾನಿಗಳನ್ನು ವಿನ್ಯಾಸ ಮಾಡಿ ಸಾವಿರಾರು ಮದುವೆಗಳನ್ನು ಸಿಂಗರಿಸಿದವರಿಗೆ ತಮ್ಮ ಮದುವೆಯ ಹಕ್ಕಿಲ್ಲ.

ಕಾನೂನು ಬದಲಾಗುವವರೆಗೆ ನಾವು ಕಾಯಬೇಕಾಗಿಲ್ಲ. ಕುದ್ರೋಳಿಯ ಹಿರಿಯರು 1912ರಲ್ಲಿ ಕಾಯಲಿಲ್ಲ, 2013ರಲ್ಲೂ ಕಾಯಲಿಲ್ಲ. ಹೊರಗಿಟ್ಟವರನ್ನು ಒಳಗೆ ಕರೆಯುವುದು ಈ ನೆಲಕ್ಕೆ ಹೊಸದಲ್ಲ. ನಮ್ಮ ಫ್ಯಾಷನ್ ಕಾಲೇಜುಗಳು ಪಠ್ಯದಲ್ಲಿ ವೆಂಡೆಲ್ ಅವರ ಕುಣಬಿ ಸೀರೆಯನ್ನು ಕಲಿಸುವಾಗ ಅವರ ಬಾಳನ್ನೂ ಕಲಿಸಲಿ. ಜೋಗತಿಯರ ಉಡುಗೆ ತೊಡುಗೆಯನ್ನು ವೇದಿಕೆಗೆ ತರುವ ವಿನ್ಯಾಸಕರು ಜೋಗತಿಯರಿಗೆ ಸಂಭಾವನೆಯನ್ನೂ ಹೆಸರನ್ನೂ ಕೊಡಲಿ. ಹೊಲಿಗೆ ಅಂಗಡಿಗಳು, ಬೂಟಿಕ್‌ಗಳು, ಗಾರ್ಮೆಂಟ್ ಕಾರ್ಖಾನೆಗಳು ಕೆಲಸ ಕೇಳಿಕೊಂಡು ಬಂದ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳನ್ನು ಬಾಗಿಲಲ್ಲೇ ತಿರುಗಿಸದಿರಲಿ. ಮಗ ಅಕ್ಕನ ದಾವಣಿಯನ್ನು ಆಸೆಯಿಂದ ಮುಟ್ಟಿ ನೋಡಿದರೆ ತಂದೆತಾಯಿ ಅವನ ಮೇಲೆ ಕೈ ಎತ್ತದಿರಲಿ.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮಗೆ ಮೆಚ್ಚಾದ ಉಡುಗೆಯನ್ನು ಕೊಂಡಾಗ ಅದನ್ನು ನೇಯ್ದವರು, ಕತ್ತರಿಸಿದವರು, ಹೊಲಿದವರು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಅವರು ಯಾರನ್ನು ಪ್ರೀತಿಸುತ್ತಾರೆ, ಏನು ಉಡುತ್ತಾರೆ ಎಂಬುದು ಅವರಿಗೆ ಸೇರಿದ್ದು. ಅವರ ದುಡಿಮೆಗೆ ಕೊಡುವ ಗೌರವದಲ್ಲಿ ಅವರಿಗೂ ಪಾಲು ಕೊಡುವುದು ಮಾತ್ರ ನಮಗೆ ಸೇರಿದ ಹೊಣೆ.